ತಂಗಿಯ ಸೀಟಿನ ಎತ್ತರ

ಎಂಬತ್ತರ ದಶಕದಲ್ಲಿ ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿದ್ದ ಸೈಕಲ್ ಮೇಸ್ತ್ರಿ ಯಾವುದನ್ನೂ ಸುತ್ತಿಗೆಯಿಂದ ಹೊಡೆದು ಬಿಚ್ಚಿದವನಲ್ಲ. ಬಿಗಿದುಕೊಂಡಲ್ಲಿ ಹನಿ ಹನಿ ಎಣ್ಣೆ ಬಿಟ್ಟು, ಹೆಬ್ಬೆರಳಿನಿಂದ ಒರೆಸಿ, “ತಾನಾ ಬಿಡತೈತಿ, ತಡೀರಿ” ಎನ್ನುತ್ತಿದ್ದ.

ಬ್ಯಾಡಗಿಯಲ್ಲಿ ನರ್ಸ್ ಆಗಿದ್ದ ನನ್ನ ತಂಗಿ ತೀರಿಕೊಂಡ ಮರುವರ್ಷ, ಅವಳ ಹಳೆಯ ಲೇಡೀಸ್ ಸೈಕಲ್ಲನ್ನು ಆತನ ಬಳಿ ಒಯ್ದೆ. ಅವಳು ನನಗಿಂತ ಗೇಣುದ್ದ ಎತ್ತರ. ಸೀಟು ಇಳಿಸದೆ, ನಾನು ಪಾಠ ಹೇಳುತ್ತಿದ್ದ ಸ್ಕೂಲಿಗೆ ಅದನ್ನು ತುಳಿದುಕೊಂಡು ಹೋಗುವಂತಿರಲಿಲ್ಲ. ಸೀಟನ್ನು ಹೊತ್ತ ಕೊಳವೆ, ಅಂದರೆ ಪಿಲ್ಲರ್, ತುಕ್ಕು ಹಿಡಿದು ಫ್ರೇಮಿನೊಳಗೆ ಕಚ್ಚಿಕೊಂಡಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವನು ಅದನ್ನು ಕೊಯ್ದೇ ತೆಗೆಯಬೇಕು ಎಂದಿದ್ದ.

“ಕೊಯ್ಯಾಕ ಅದೇನ್ ಬದನಿಕಾಯಿ ಏನ್ರಿ, ಅಕ್ಕಾರ?” ಎಂದ ಈತ.

ಐದನೆಯ ದಿನ ಪಿಲ್ಲರ್ ಹೊರಬಂತು. ಫ್ರೇಮಿನ ಹೊರಗಿದ್ದ ಭಾಗ ಇನ್ನೂ ಹೊಳೆಯುತ್ತಿತ್ತು, ಒಳಗಿದ್ದದ್ದು ತುಕ್ಕಾಗಿತ್ತು. ನಡುವೆ ಉಂಗುರದಂಥ ಕಂದು ಗೆರೆ. ತಂಗಿ ಕೂರುತ್ತಿದ್ದ ಎತ್ತರ ಅದೇ.

“ಆ ಲೈನ್ ಒಂದು ಹಂಗ ಇರ್ಲಿ, ಪ್ಲೀಸ್” ಎಂದೆ.

“ತುಕ್ಕು ಬಿಟ್ಟು ಹಾಕಿದ್ರ ಮತ್ತ ಹಿಡಕೋತೈತ್ರಿ. ಅವಾಗ ನನ್ನ ಕೈಲೂ ಆಗೂದಿಲ್ಲ.”

ತುಕ್ಕು ತಿಕ್ಕುವ ಎಮರಿ ಪೇಪರನ್ನು ನನ್ನ ಕೈಗೆ ಕೊಟ್ಟ.

“ನೀವ ಉಜ್ಜರಿ.”

ಆಮೇಲೆ ಸ್ಟೂಲು ಸರಿಸಿಕೊಂಡು, ನನಗೆ ಬೆನ್ನು ಮಾಡಿ, ಯಾರದೋ ಪಂಕ್ಚರ್ ಹಿಡಿದು ಕುಳಿತ.

ಉಜ್ಜಿದೆ. ಬಹಳ ಹೊತ್ತು ಹಿಡಿಯಿತು. ಆತ ಒಮ್ಮೆಯೂ ತಿರುಗಿ ನೋಡಲಿಲ್ಲ. ಗೆರೆ ಪೂರ್ತಿ ಹೋದ ಮೇಲೆ “ಆತ್ರಿ” ಎಂದೆ. ಆತ ಎದ್ದು ಬಂದು ಪಿಲ್ಲರಿಗೆ ಗ್ರೀಸ್ ಸವರಿ ಒಳಗಿಳಿಸಿದ. ನನ್ನನ್ನು ಕೂರಿಸಿ, ಕಾಲು ನೆಲಕ್ಕೆ ಎಟಕಿದ್ದನ್ನು ನೋಡಿಯೇ ನಟ್ ಬಿಗಿದ.