ಹೊಸಹಳ್ಳಿಯ ಗ್ರಂಜ್ ಚಕ್ರವರ್ತಿ

ಗ್ರಂಜ್ ಎಂಬ ಅರಚಾಟದ ರಾಕ್ ಹಾಡುವ ಹೊಸಹಳ್ಳಿಯ ಭೈರೇಶನಿಗೆ ಲೋಕದ ಮೇಲೆ ವಿಪರೀತ ಸಿಟ್ಟು. ಬೆಳಿಗ್ಗೆ ಎರಡು ಬೆಣ್ಣೆ ದೋಸೆ ಮುಗಿಸಿ, ಹರಿದ ಜೀನ್ಸ್ ತೊಟ್ಟು, ಅಪ್ಪ ಬಾಡಿಗೆಗೆಂದು ಕಟ್ಟಿಸಿದ ಕಟ್ಟಡದ ತಾರಸಿಯೇರಿ ಹಸಿವಿನ ಬಗ್ಗೆ ಅರಚುತ್ತಾನೆ. ಹಾಡು ಚೆನ್ನಾಗಿದೆ ಎಂದವರಿಗೆ "ನಿಂಗೆ ಅರ್ಥ ಆಗಿಲ್ಲ ಗುರು" ಎನ್ನುತ್ತಾನೆ. ಚೆನ್ನಾಗಿಲ್ಲ ಎಂದವರಿಗೂ ಅದೇ ಉತ್ತರ. "ಮಗಾ, ಈ ಆಲ್ಬಮ್ಮೂ ಹೋಗ್ಲಿಲ್ಲ ಅಂದ್ರೆ ನಾನು ಮದುವೆ ಆರ್ಕೆಸ್ಟ್ರಾ ಸೇರ್ತೀನಿ ಕಣೋ" ಎಂದು ಅವನ ತಂಡದ ಡ್ರಮ್ಮರ್ ಗೋಗರೆದರೂ, ಮೊಬೈಲಿಗೆ ಹಾಡು ಬಿಡುವುದು ಕಲೆಗೆ ಅವಮಾನವೆಂದು ಈ ಮಹಾಶೂರ ಸಿಡಿಯನ್ನೇ ಹೊರತಂದ. ಮೆಟ್ರೊ ನಿಲ್ದಾಣದ ಮುಂದೆ ವಾರವಿಡೀ ನಿಂತರೂ ಒಂದೂ ಮಾರಾಟವಾಗಲಿಲ್ಲ. ಕೊನೆಗೆ ಬಾಡಿಗೆದಾರರಿಗೆ ಬಿಟ್ಟಿಯಾಗಿ ಹಂಚಿದ. ಅವರು ಪಾರಿವಾಳ ಓಡಿಸಲು ಅವನ್ನು ಬಾಲ್ಕನಿಗಳಲ್ಲಿ ನೇತುಹಾಕಿದರು. ಸಂಗೀತಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು. ನೆಲಮಹಡಿಯಲ್ಲಿರುವ ಬಾಗಲಕೋಟೆಯ ಗುರವ್ವ ಮಾತ್ರ ಸಿಡಿಯನ್ನು ಹಳೆಯ ಡಿವಿಡಿ ಪ್ಲೇಯರಿಗೆ ಹಾಕಿದ್ದಳು. ಮೆಟ್ಟಿಲ ಬಳಿ ಅವನನ್ನು ತಡೆದು, "ತಮ್ಮಾ, ಕಡೀ ಹಾಡಿನಾಗ ಯಾಕ ಅಳಾಕತ್ತಿ?" ಎಂದು ಕೇಳಿದಳು. ಭೈರೇಶ ಅಲ್ಲೇ ಕುಳಿತುಬಿಟ್ಟ. "ಅಮ್ಮ ತೀರ್ಕೊಂಡ ವಾರ ಹಾಡಿದ್ದು ಅಕ್ಕ." ಗುರವ್ವ ಪಕ್ಕದಲ್ಲೇ ಕುಳಿತು, "ಉಳದ ಹಾಡಿಗೆಲ್ಲಾ ಕಿವಿ ಮುಚ್ಚಿಕೊಂಡಿದ್ದೆ. ಅದೊಂದನ್ನ ಎರಡ ಸಲ ಹಚ್ಚಿ ಕೇಳೀನಿ" ಎಂದಳು.