ಮಖಮಲ್ಲಿನ ಎಡತೋಳು

ಆ ಬೀದಿಗೆಲ್ಲ ಅವಳು ಅತ್ತಿಗೆ. ನಿಜವಾಗಿ ಹಾಗೆ ಕರೆಯುವ ಹಕ್ಕಿದ್ದದ್ದು ಅವಳ ಜೊತೆ ಎರಡನೇ ಹೊಲಿಗೆ ಮಿಷನ್ ತುಳಿಯುವ ಮೈದುನನಿಗೆ ಮಾತ್ರ. ಉಳಿದವರಿಗೆ ಅವನಿಂದ ಅಂಟಿದ ಚಾಳಿ. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಹಿಡಿದು ಒಂಬತ್ತು ವರ್ಷ ದೂಡಿದ್ದಳು. ಬಟ್ಟೆ ಕತ್ತರಿಸುವ ಮುಂಚೆ ಕತ್ತರಿಯನ್ನು ಹಣೆಗೆ ಮುಟ್ಟಿಸಿ, "ದೇವರೇ, ನೀನೇ ನೋಡ್ಕೋ" ಅನ್ನುವುದು ಅವಳ ಅಭ್ಯಾಸ. ಮೈದುನನಿಗೆ ಅದೊಂದು ತಮಾಷೆ.

ಬಟ್ಟೆ ಅಂಗಡಿಯ ಯಜಮಾನರು ಮಗಳ ಮದುವೆಗೆ ತಾವು ತೊಡಲು ಕಡುನೀಲಿ ಮಖಮಲ್ಲಿನ ಕೋಟು ಹೊಲಿಯಲು ಕೊಟ್ಟಿದ್ದರು. "ಇದು ಚೆನ್ನಾಗಿ ಬಂದ್ರೆ ನಮ್ಮಂಗಡಿ ಹೊಲಿಗೆಯೆಲ್ಲ ನಿಮಗೇ. ಪಕ್ಕದ ಮಳಿಗೆ ಖಾಲಿ ಇದೆ, ಅಲ್ಲೇ ಕೂತ್ಕೊಳ್ಳಿ" ಎಂದಿದ್ದರು. ಬೀದಿಗೆ ಬಾಗಿಲಿರುವ ಮಳಿಗೆ! ಬೋರ್ಡಿಗೆ ಯಾವ ಬಣ್ಣ ಬಳಿಸುವುದು ಎನ್ನುವ ತನಕ ಅತ್ತಿಗೆಯ ಯೋಚನೆ ಓಡಿತ್ತು.

ಮಖಮಲ್ ಮಹಾ ತಂಟೆಕೋರ ಬಟ್ಟೆ. ಕೈಯಾಡಿಸಿದರೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಒರಟು. ಎಲ್ಲ ತುಂಡುಗಳ ನುಣುಪೂ ಒಂದೇ ದಿಕ್ಕಿಗಿರಬೇಕು, ಇಲ್ಲದಿದ್ದರೆ ಬಿಸಿಲಿಗೆ ಒಂದೇ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ. ಗುಂಡಿಯನ್ನೂ ಹಾಕಿ ಮುಗಿಸಿ, ಕೋಟನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಎಡತೋಳು ಬೇರೆಯೇ ನೀಲಿ. ಬಟ್ಟೆ ಉಳಿಯಲೆಂದು ತೋಳಿನ ಕಾಗದದ ಅಚ್ಚನ್ನು ತಲೆಕೆಳಗಾಗಿ ಇಟ್ಟವಳು ತಾನೇ. ಬೇರೆ ಬಟ್ಟೆಯಲ್ಲಿ ದಿನಾ ಮಾಡುವ ಕೆಲಸ, ಕೈಗೆ ರೂಢಿಯಾಗಿಬಿಟ್ಟಿತ್ತು.

"ಮದುವೆಮನೆ ಲೈಟ್ ಬೆಳಕಲ್ಲಿ ಯಾರಿಗೆ ಕಾಣ್ಸುತ್ತೆ ಅತ್ತಿಗೆ? ಮಡಚಿ ಕೊಟ್ಬಿಡಿ" ಎಂದ ಮೈದುನ. "ಆಮೇಲೆ ಕೇಳಿದ್ರೆ ಬಟ್ಟೆಯೇ ಹಾಗಿತ್ತು ಅಂದ್ರಾಯ್ತು." ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುವುದರಲ್ಲಿ ಅವನದು ಎತ್ತಿದ ಕೈ.

"ನನ್ನ ತಪ್ಪನ್ನ ಅವರ ಬಟ್ಟೆ ಮೇಲೆ ಹಾಕೋದಾ?"

"ಕತ್ತರಿ ಹಣೆಗೆ ಮುಟ್ಟಿಸಿದ್ರಲ್ಲ, ಆಗ ನಿಮ್ಮ ದೇವರು ನಿದ್ದೆ ಮಾಡ್ತಿದ್ನಾ?"

"ಎದ್ದೇ ಇದ್ದ. ಈಗಲೂ ಎದ್ದಿದಾನೆ. ನನ್ನ ಕಷ್ಟ ಅದೇ ಕಣೋ."

ಮುಚ್ಚಿಡುವ ಆಸೆ ಅವಳಿಗೂ ಇತ್ತು; ಇರಲಿಲ್ಲ ಅಂದರೆ ಕಥೆ ಹೇಳುವ ನಾನೇ ಸುಳ್ಳು ಹೇಳಿದ ಹಾಗಾದೀತು. ಕೋಟು ಹಿಡಿದು ಅಂಗಡಿಗೆ ಹೊರಟ ದಾರಿಯುದ್ದಕ್ಕೂ ಕಾಲು ಹಿಂದಕ್ಕೇ ಎಳೆಯುತ್ತಿತ್ತು. ಮಳಿಗೆ ಕೊಡಿಸು ಎಂದು ಅವಳು ದೇವರನ್ನು ಕೇಳಲಿಲ್ಲ, ನಾಲಿಗೆ ತಡವರಿಸದಿರಲಿ ಎಂದಷ್ಟೇ ಬೇಡಿಕೊಂಡಳು.

ಅಂಗಡಿಯ ಹೊಸ್ತಿಲ ಬಿಸಿಲಿನಲ್ಲೇ ಕೋಟು ಹರಡಿದಳು. "ಈ ತೋಳು ನಾನು ತಪ್ಪು ಕತ್ತರಿಸಿದೀನಿ. ಬೇರೆ ಬಟ್ಟೆ ಕೊಡಿ, ದುಡ್ಡು ನಂದು. ಮದುವೆಗೆ ಮುಂಚೆ ಸರಿಮಾಡಿ ಕೊಡ್ತೀನಿ."

ಯಜಮಾನರು ದಪ್ಪ ಕನ್ನಡಕವನ್ನು ಮೂಗಿನ ಮೇಲೆ ಹಿಂದೆ ಮುಂದೆ ಸರಿಸಿ ನೋಡಿದರು. "ಹೇಳದೆ ಇದ್ದಿದ್ರೆ ನನ್ನ ಈ ಕಣ್ಣಿಗೆ ಗೊತ್ತೇ ಆಗ್ತಿರ್ಲಿಲ್ಲಮ್ಮ."

"ಗೊತ್ತಾಗಲ್ಲ ಅಂತಾನೇ ಹೇಳೋಕೆ ಬಂದೆ."

ತೋಳು ಬದಲಾಯಿತು, ಮದುವೆಯೂ ಆಯಿತು. ಆದರೆ ಮೊದಲ ಕೋಟಿನಲ್ಲೇ ಎಡವಿದವಳು ಬೇಡವೆಂದು ಯಜಮಾನರ ಮಗ ಹಟ ಹಿಡಿದ. ಮಳಿಗೆ ಬೇರೊಬ್ಬ ದರ್ಜಿಯ ಪಾಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅತ್ತಿಗೆ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಚೆನ್ನಾಗಿ ಅತ್ತಳು. ಆಮೇಲೆ ಮುಖ ತೊಳೆದು ಮಿಷನ್ನಿಗೆ ಎಣ್ಣೆ ಬಿಟ್ಟಳು. "ಹೇಳಿ ಏನು ಸಿಕ್ತು?" ಎಂದು ಮೈದುನ ಕೇಳಿದಾಗ, "ಮತ್ತೆ ಹಾಗಾದ್ರೆ ಮತ್ತೆ ಹೇಳ್ತೀನಿ" ಎಂದಳು.

ತಿಂಗಳು ಕಳೆದಿರಬೇಕು. ಗಿರಾಕಿಯೊಬ್ಬರು ಅಂಗಿಯ ಪೊಟ್ಟಣ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಮೈದುನ ಮಿಷನ್ ಬಿಟ್ಟು ಎದ್ದ.

"ಸ್ವಲ್ಪ ನಿಲ್ಲಿ ಸಾರ್. ಕಾಲರ್ ನಾನು ಕೆಡಿಸಿದೀನಿ. ನೀವು ನೋಡಿಲ್ಲ. ಕೊಡಿ, ಬಿಚ್ಚಿ ಮತ್ತೆ ಹೊಲೀತೀನಿ."

ಅತ್ತಿಗೆ ತಲೆ ಎತ್ತಲಿಲ್ಲ. ಕತ್ತರಿಯನ್ನು ಹಣೆಗೆ ಮುಟ್ಟಿಸಿಕೊಂಡಳು. ಆವತ್ತು ಅದು ಎಂದಿಗಿಂತ ಒಂದು ಗಳಿಗೆ ಹೆಚ್ಚು ಅಲ್ಲೇ ನಿಂತಿತು.