ಆಂಜಿನಮ್ಮ ನೀವಿದ ಕಾಲು

ದಿಬ್ಬೂರಹಳ್ಳಿಯಲ್ಲಿ ಮೈಕೈ ನೋವು ಎಂದವರೆಲ್ಲ ಆಸ್ಪತ್ರೆಗಿಂತ ಮೊದಲು ಹೋಗುತ್ತಿದ್ದುದು ಆಂಜಿನಮ್ಮನ ಮನೆಗೆ. ಹೋದದ್ದರಲ್ಲಿ ತಪ್ಪೂ ಇರಲಿಲ್ಲ. ಶಿಡ್ಲಘಟ್ಟದಲ್ಲಿ ದಿನವಿಡೀ ರೇಷ್ಮೆ ನೂಲು ಬಿಚ್ಚುವ ಹೆಂಗಸರ ಹೆಗಲು ಕಲ್ಲಾಗಿರುತ್ತಿತ್ತು. ಆಕೆ ಹರಳೆಣ್ಣೆ ಬೆಚ್ಚಗೆ ಮಾಡಿ, ಚಾಪೆಯ ಮೇಲೆ ಮಲಗಿಸಿ, ಮೊದಲು ಬರೀ ಅಂಗೈ ಆಡಿಸಿ ಗಂಟು ಎಲ್ಲಿದೆಯೆಂದು ನೋಡುತ್ತಿದ್ದಳು. ಹೆಬ್ಬೆರಳು ಊರಿದಾಗ ಜೀವ ಬಾಯಿಗೆ ಬರುತ್ತಿತ್ತು ನಿಜ. ಸ್ವಲ್ಪ ಹೊತ್ತಿಗೆ ಬಿಗಿ ಸಡಿಲಾಗಿ ಎಷ್ಟೋ ಜನ ಅಲ್ಲೇ ಗೊರಕೆ ಹೊಡೆಯುತ್ತಿದ್ದರು. ನಾಳೆ ಮೈ ಚೂರು ನೋಯುತ್ತದೆ, ಹೆದರಬೇಡಿ ಎಂದು ಹೇಳಿಯೇ ಕಳಿಸುವಳು. ಇಷ್ಟು ಹೆಸರಿದ್ದ ಮೇಲೆ ಜಂಬವೂ ಬರುತ್ತದಲ್ಲ, ಬಂದಿತ್ತು. ತನ್ನ ಕೈಗೆ ಬಗ್ಗದ ನೋವೇ ಇಲ್ಲ ಎನ್ನುವಳು. ಆ ಜಂಬವೇ ಮನೆ ಹಾಳು ಮಾಡಿತು.

ಒಬ್ಬಳೇ ಮಗಳು ತನುಜ, ಆಪರೇಷನ್ ಆಗಿ ಹೆಣ್ಣುಮಗು ಹೆತ್ತು, ಬಾಣಂತನಕ್ಕೆ ತಾಯಿಯ ಮನೆಗೆ ಬಂದಿದ್ದಳು. ನಮ್ಮ ಕಡೆ ಬಾಣಂತಿಯನ್ನು ಮಂಚದಿಂದ ಇಳಿಯಬಿಡುವುದಿಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕುಡಿಯುವ ನೀರಿಗೂ ಲೆಕ್ಕ. ಹಾಗೆ ಮಲಗಿದ್ದಲ್ಲೇ ಮಲಗಿದ್ದವಳ ಎಡಗಾಲು ಊದಿಕೊಂಡಿತು. ಬಲಗಾಲು ಸರಿಯಾಗಿತ್ತು, ಎಡ ಮೀನಖಂಡ ಮಾತ್ರ ಕೆಂಪಾಗಿ ಕಾದಿತ್ತು.

"ಶೀತ ಹಿಡ್ಕೊಂಡೈತೆ ಕಣಮ್ಮ, ಎರಡು ದಿನ ಎಣ್ಣೆ ಹಾಕಿ ನೀವಿದ್ರೆ ಇಳಿಯತ್ತೆ," ಎಂದು ಆಂಜಿನಮ್ಮ ಎಣ್ಣೆ ಬಿಸಿಗಿಟ್ಟಳು.

ಹೆಂಡತಿ ಮಗುವನ್ನು ನೋಡಲು ಚಿಂತಾಮಣಿಯಿಂದ ಬಂದಿದ್ದ ಅಳಿಯ ತಿರುಮಲೇಶ್ ಬಾಗಿಲಲ್ಲೇ ನಿಂತ.

"ಅತ್ತೆ, ಒಂದೇ ಕಾಲು ಊದೈತೆ. ಡಾಕ್ಟ್ರಿಗೆ ತೋರ್ಸಣ, ಗಾಡಿ ತರ್ತೀನಿ."

"ಹಸಿ ಬಾಣಂತೀನ ಗಾಳಿಗೆ ಕರ್ಕೊಂಡ್ ಹೋಗ್ತಾರೇನಪ್ಪ? ಗಂಡಸ್ರಿಗೆ ಇದೆಲ್ಲ ಗೊತ್ತಾಗಲ್ಲ. ನೀವು ಹೊರಗೆ ಕೂತ್ಕಳಿ."

ಅವನು ಹೊರಗೆ ಕೂತ. ಒಳಗಿಂದ ತನುಜ, "ಬಿಡಮ್ಮ, ತಡೆಯಕ್ಕಾಗಲ್ಲ," ಎಂದು ಕೂಗುವುದು ಕೇಳುತ್ತಲೇ ಇತ್ತು. ಕೂಗಿದರೆ ನೋವು ಬಿಡುತ್ತಿದೆ ಎಂದೇ ಆಂಜಿನಮ್ಮನ ಲೆಕ್ಕ. ಇನ್ನೂ ಬಲವಾಗಿ ಒತ್ತಿದಳು, ಮಾರನೆಯ ದಿನವೂ ಒತ್ತಿದಳು. ಅವತ್ತು ಎಣ್ಣೆ ಇನ್ನೂ ಆರಿರಲಿಲ್ಲ, ತನುಜ ಎದೆ ಹಿಡಿದುಕೊಂಡು ಎದ್ದು ಕೂತಳು.

"ಉಸಿರು ಬರ್ತಿಲ್ಲಮ್ಮ."

ಗಾಡಿ ಚಿಕ್ಕಬಳ್ಳಾಪುರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಊದಿದ ಕಾಲನ್ನು ನೋಡಿ ತಲೆಯೆತ್ತಿದರು. "ಕಾಲಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಹೋಗಿರೋ ಹಾಗಿದೆ. ಇಂಥ ಕಾಲನ್ನ ಉಜ್ಜಲೇಬಾರದು, ತಕ್ಷಣ ಆಸ್ಪತ್ರೆಗೆ ತರಬೇಕು. ಯಾರಾದ್ರೂ ಉಜ್ಜಿದ್ರಾ?"

ಆಂಜಿನಮ್ಮ ಎಣ್ಣೆಯ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇಲ್ಲ ಮೇಡಂ, ಯಾರೂ ಮುಟ್ಟಿಲ್ಲ," ಎಂದ ತಿರುಮಲೇಶ್.

ಅವನು ಬೈದುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಆಕೆಗೆ ಎಷ್ಟು ಸಲ ಅನ್ನಿಸಿತೋ. ತಿಥಿ ಮುಗಿಯುವವರೆಗೂ ಅವನು ಆ ಮಾತೆತ್ತಲಿಲ್ಲ. ಊರವರು ವಿಧಿ ಎಂದರು, ದೃಷ್ಟಿ ಎಂದರು. ಆಕೆ ಹೌದೆಂದು ತಲೆಯಾಡಿಸಿದಳು.

ತಿಥಿಯ ಮಾರನೆಯ ಬೆಳಿಗ್ಗೆ ಮಗು ಒಂದೇ ಸಮನೆ ಅತ್ತಿತು. ಉಳಿದಿರುವುದು ಇದೊಂದೇ ಎಂದು ಆಂಜಿನಮ್ಮ ಅದನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಬಟ್ಟಲಿಗೆ ಕೈ ಹಾಕಿದಳು. ತಿರುಮಲೇಶ್ ಬಂದು ಬಗ್ಗಿ ಮಗುವನ್ನು ಎತ್ತಿಕೊಂಡ.

"ಇವತ್ತೇ ಊರಿಗೆ ಕರ್ಕೊಂಡ್ ಹೋಗ್ತೀನಿ ಅತ್ತೆ. ಎಣ್ಣೆ ನಮ್ಮಮ್ಮ ಹಾಕ್ತಾರೆ," ಎಂದ. ದನಿ ಮೆತ್ತಗೇ ಇತ್ತು. "ನೀವು ಮುಟ್ಬೇಡಿ."

"ಆಗಲಪ್ಪ," ಎಂದಳು ಆಂಜಿನಮ್ಮ.